ಸುಣ್ಣದಣ್ಣನ ಗೆರೆಯೂ ಹದಿನೆಂಟು ಮಕ್ಕಳೂ

ಮೈದಾನದಲ್ಲಿ ಗೆರೆ ಎಳೆಯುವುದನ್ನು ಯಾರೂ ಒಂದು ಕೆಲಸವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೆದ್ದವರಿಗೆ ಪದಕ, ಸೋತವರಿಗೆ ಸಮಾಧಾನದ ಮಾತು, ತೀರ್ಪುಗಾರರಿಗೆ ಬಿಸಿ ಚಹಾ. ಆದರೆ ಓಟದ ಆ ಎಂಟು ಓಣಿಗಳಿಗೆ ಕೂದಲೆಳೆಯಷ್ಟೂ ಸೊಟ್ಟಗಾಗದಂತೆ ಸುಣ್ಣ ಹಾಕಿದವರು ಯಾರು ಎಂದು ಕೇಳುವವರು ಇನ್ನೂ ಹುಟ್ಟಬೇಕು. ಇಪ್ಪತ್ತೆಂಟು ವರ್ಷ ಹೀಗೆ ಯಾರೂ ಕೇಳದೆಯೇ ಕಳೆದ ಮನುಷ್ಯನನ್ನು ಎಲ್ಲರೂ ಸುಣ್ಣದಣ್ಣ ಎನ್ನುತ್ತಿದ್ದರು. ಅವನ ತಲೆ ಬೆಳ್ಳಗಾದದ್ದು ವಯಸ್ಸಿಗೋ ಸುಣ್ಣಕ್ಕೋ ಎಂಬುದು ಅವನ ಹೆಂಡತಿಗೂ ಖಾತ್ರಿ ಇರಲಿಲ್ಲ.

ಬೆಳಗ್ಗೆ ಐದೂವರೆಗೆ ಅವನು ಗ್ಯಾಲರಿಯ ಕೆಳಗಿನ ಸಾಮಾನು ಕೋಣೆಯ ಬೀಗ ತೆಗೆಯುತ್ತಿದ್ದ. ಎರಡು ಗೂಟ, ಒಂದು ಉದ್ದದ ಹುರಿ, ಅಳತೆ ಟೇಪು, ಆಮೇಲೆ ಸುಣ್ಣದ ಗಾಡಿ. ಗಾಡಿ ಎಂದರೆ ದೊಡ್ಡದೇನಲ್ಲ, ಅಡಿಯಲ್ಲಿ ಸೀಳು ಬಿಟ್ಟ ಒಂದು ತಗಡಿನ ಡಬ್ಬ, ಅದಕ್ಕೆ ಚಕ್ರ, ದೂಡಲು ಒಂದು ಹಿಡಿ. ದೂಡಿದರೆ ಪುಡಿ ಗೆರೆಯಾಗಿ ಬೀಳುತ್ತದೆ, ನಿಂತರೆ ಗುಡ್ಡೆಯಾಗುತ್ತದೆ. ಆದ್ದರಿಂದ ಸೀನು ಬಂದರೂ ನಡೆಯುತ್ತಲೇ ಸೀನಬೇಕು ಎಂಬುದು ಅವನ ವೃತ್ತಿಧರ್ಮ. ಎಳೆದ ಗೆರೆಯನ್ನು ಯಾರಾದರೂ ತುಳಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು. ಒಮ್ಮೆ ಬಹುಮಾನ ಕೊಡಲು ಬಂದ ದೊಡ್ಡ ಮನುಷ್ಯರೊಬ್ಬರು ಗೆರೆಯ ಮೇಲೆ ಕಾಲಿಟ್ಟಾಗ ಇವನು "ಸ್ವಾಮೀ, ಕಾಲು!" ಎಂದು ಅರಚಿದ್ದಕ್ಕೆ ಅವರು ಹಾವೆಂದುಕೊಂಡು ಪಕ್ಕದವರ ಹೆಗಲು ಹತ್ತಿದ್ದರು.

ಹೆಂಡತಿ ಶಾಲಾ ಸಮವಸ್ತ್ರ ಹೊಲಿಯುವವಳು. ಅವಳ ಕೊರಳಲ್ಲೂ ಒಂದು ಟೇಪು. ಮನೆಯಲ್ಲಿ ಟೇಪು ಎರಡಿದ್ದರೂ ಮಾತಿಗೆ ಮಾತ್ರ ಅಳತೆ ಇರಲಿಲ್ಲ.

ಹೀಗಿರುವಾಗ ಮೈದಾನದ ಕೋಚ್ ಮೇಡಂ ಹೆರಿಗೆ ರಜೆ ಹಾಕಿದರು. ಅವರದು ಚಿಕ್ಕ ಮಕ್ಕಳ ತಂಡ, ನಾಲ್ಕರಿಂದ ಆರು ವರ್ಷದ ಹದಿನೆಂಟು ಮಕ್ಕಳು, ಬೆಳಗ್ಗೆ ಏಳರಿಂದ ಎಂಟು. ಬದಲಿ ಕೋಚ್ ಬರುತ್ತಾರೆ ಎಂದು ಮೇಲಿನವರು ಹೇಳಿದ್ದರು. ಬರುತ್ತಾರೆ, ಬರುತ್ತಾರೆ ಎಂದೇ ವಾರ ಕಳೆದಾಗ ಮ್ಯಾನೇಜರು ಸುಣ್ಣದಣ್ಣನನ್ನು ಕರೆದರು.

"ಸುಣ್ಣದಣ್ಣಾ, ನೀವೇನೂ ಕಲಿಸೋದು ಬೇಡ. ಒಂದು ಗಂಟೆ ಕಣ್ಣಿಟ್ಟಿರಿ ಸಾಕು. ಯಾರೂ ಕಳೆದುಹೋಗಬಾರದು, ಅಷ್ಟೇ."

ಕೋಚ್ ಮೇಡಂ ಹೋಗುವ ಮುಂಚೆ ಬದಲಿ ಕೋಚಿಗೆಂದು ಒಂದು ನೋಟುಬುಕ್ಕು ಬರೆದಿಟ್ಟಿದ್ದರು. ಓಡುವುದು, ನಿಲ್ಲುವುದು, ನೆಗೆಯುವುದು, ಇಳಿಯುವುದು, ಒಂಟಿಕಾಲಲ್ಲಿ ನಿಲ್ಲುವುದು, ಕುಪ್ಪಳಿಸುವುದು, ಎಸೆಯುವುದು, ಹಿಡಿಯುವುದು. ಇಷ್ಟು ಬಂದರೆ ಮುಂದೆ ಯಾವ ಆಟವಾದರೂ ಬರುತ್ತದೆ, ಇದು ಬಾರದಿದ್ದರೆ ಯಾವುದೂ ಬರುವುದಿಲ್ಲ ಎಂಬುದು ಅವರ ನಂಬಿಕೆ. ಸುಣ್ಣದಣ್ಣ ಓದಿ ನಕ್ಕುಬಿಟ್ಟ. ಫೋನ್ ಮಾಡಿ ಕೇಳಿಯೂ ಕೇಳಿದ.

"ಅಲ್ಲಾ ಮೇಡಂ, ಓಡೋದನ್ನ ಕಲಿಸಬೇಕಾ? ಯಾವ ಮಗು ಓಡಲ್ಲ?"

"ಓಡ್ತಾರಣ್ಣ. ನಿಲ್ಲೋದು ಗೊತ್ತಿಲ್ಲ."

ಆ ಮಾತಿನ ಅರ್ಥ ಮೊದಲ ದಿನವೇ ತಿಳಿಯಿತು. "ಎಲ್ರೂ ಓಡಿ ಮಕ್ಕಳೇ" ಎಂದು ಬಾಯಿಂದ ಬಿದ್ದದ್ದೇ ತಡ, ಹದಿನಾರು ಮಕ್ಕಳು ಹದಿನಾರು ದಿಕ್ಕಿಗೆ ಕಾಲಿಗೆ ಬುದ್ಧಿ ಹೇಳಿದವು. ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಅತ್ತರು. ಒಂದು ಮಗು ಗೇಟು ದಾಟಿ ಹೊರಗೆ ನಿಂತಿದ್ದ ಅಪ್ಪನ ಸ್ಕೂಟರ್ ಹತ್ತಿ ಕೂತಿತು. ಇನ್ನೊಂದು ಓಡಿ ಓಡಿ ಗೋಡೆಗೆ ತಾಗಿದ ಮೇಲೆಯೇ ನಿಂತಿತು, ಗೋಡೆ ಇರದಿದ್ದರೆ ಇವತ್ತಿಗೂ ಓಡುತ್ತಿತ್ತೋ ಏನೋ. ಒಬ್ಬ ಪುಟ್ಟ ಮಾತ್ರ ಓಡದೆ ಎದುರಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ಯಾಕೆ ಓಡಬೇಕು?" ಎಂದು ಕೇಳಿದ. ಅವನಿಗೆ ಆ ಕ್ಷಣವೇ 'ಯಾಕೆ' ಎಂಬ ಹೆಸರು ಬಿತ್ತು.

ಹದಿನೆಂಟನೆಯದು ಒಳಗೇ ಬರಲಿಲ್ಲ. ಆಸ್ಪತ್ರೆಯ ನರ್ಸಮ್ಮನ ಮಗಳು, ಐದು ವರ್ಷ, ಕಡ್ಡಿಯಂಥ ಕಾಲು. ಗೇಟಿನ ಕಂಬ ತಬ್ಬಿಕೊಂಡು ನಿಂತಿತು. ಹುಲ್ಲಿನ ಮೇಲೆ ಕಾಲಿಡು ಎಂದರೆ ಕಂಬವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಿತ್ತು. ಅಷ್ಟು ದೊಡ್ಡ ಬಯಲು ನೋಡಿದರೆ ಅದಕ್ಕೆ ಹೆದರಿಕೆ. ಸುಣ್ಣದಣ್ಣ ಅದನ್ನು ಗುಬ್ಬಚ್ಚಿ ಎಂದು ಕರೆದ. ಗುಬ್ಬಚ್ಚಿ ನಾಲ್ಕು ದಿನ ಕಂಬ ಬಿಡಲಿಲ್ಲ. ನರ್ಸಮ್ಮ ಕೆಲಸಕ್ಕೆ ತಡವಾಗುತ್ತದೆಂದು ಗಡಿಯಾರ ನೋಡುತ್ತಾ, "ಬಿಡಿ, ಇವಳಿಗೆ ಆಟ ಆಗಿಬರೋದಿಲ್ಲ" ಎಂದು ಬೇಸರದಲ್ಲಿ ಹೇಳಿದ್ದು ಸುಣ್ಣದಣ್ಣನಿಗೆ ಯಾಕೋ ಚುಚ್ಚಿತು.

ಐದನೇ ದಿನ ಅವನು ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದ. ಗೇಟಿನ ಕಂಬದ ಬುಡದಿಂದ ಮೈದಾನದ ನಡುವಿನವರೆಗೆ ಒಂದು ಗೆರೆ ಎಳೆದ. ನೇರ ಗೆರೆಯಲ್ಲ, ಹಾವಿನ ಹಾಗೆ ಬಳಕುವ ಗೆರೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಬೇಕೆಂದೇ ಸೊಟ್ಟ ಗೆರೆ ಎಳೆದದ್ದು. ಗುಬ್ಬಚ್ಚಿ ಗೆರೆ ನೋಡಿತು. ಅದರ ಮೇಲೆ ಒಂದು ಹೆಜ್ಜೆ ಇಟ್ಟಿತು. ಎರಡೂ ಕೈ ಅಗಲಿಸಿ ಹೆಜ್ಜೆಗೆ ಹೆಜ್ಜೆ ಜೋಡಿಸುತ್ತಾ, ನೆಲದಿಂದ ಕಣ್ಣು ಕೀಳದೆ, ಗೆರೆ ಮುಗಿಯುವವರೆಗೂ ಬಂತು. ಯಾರಾದರೂ ತನ್ನ ಗೆರೆ ತುಳಿದದ್ದಕ್ಕೆ ಸುಣ್ಣದಣ್ಣನಿಗೆ ಖುಷಿಯಾದದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು ನೋಡಿ. ನೋಟುಬುಕ್ಕಿನಲ್ಲಿದ್ದದ್ದನ್ನೆಲ್ಲ ಅವನು ಸುಣ್ಣಕ್ಕೆ ಇಳಿಸಿದ. ಓಡಿ ನಿಲ್ಲುವುದಕ್ಕೆ ಎರಡು ದಪ್ಪ ಗೆರೆ. ನೆಗೆಯುವುದಕ್ಕೆ ಹೊಳೆ, ಒಂದು ಕಡೆ ಕಿರಿದು, ಹೋಗುತ್ತಾ ಅಗಲ, ಅವರವರ ಧೈರ್ಯ ಇದ್ದಲ್ಲಿ ದಾಟಬಹುದು. ಕುಪ್ಪಳಿಸುವುದಕ್ಕೆ ತಟ್ಟೆಯಷ್ಟಗಲದ ಉಂಗುರಗಳು. ಒಂಟಿಕಾಲಿಗೆ ಕೊಕ್ಕರೆ ಚೌಕ. ಎಸೆದು ಹಿಡಿಯುವುದಕ್ಕೆ ಹೆಂಡತಿಯ ಬಳಿ ಉಳಿಕೆ ಬಟ್ಟೆಯಲ್ಲಿ ಮರಳು ತುಂಬಿದ ಪುಟ್ಟ ಚೀಲಗಳನ್ನು ಹೊಲಿಸಿದ. ಚೆಂಡಾದರೆ ಕೈಗೆ ತಾಗಿ ಪುಟಿದು ಓಡುತ್ತದೆ, ಮರಳುಚೀಲ ಬೆಕ್ಕಿನ ಮರಿಯ ಹಾಗೆ ಬಿದ್ದಲ್ಲೇ ಕೂರುತ್ತದೆ. ಸಮವಸ್ತ್ರ ಹೊಲಿಯುವ ಕೈ ಅಭ್ಯಾಸ ಬಲದಿಂದ ಒಂದೊಂದು ಚೀಲಕ್ಕೂ ಒಂದು ಜೇಬು ಇಟ್ಟುಬಿಟ್ಟಿತ್ತು.

ಇಳಿಯುವುದನ್ನು ಕಲಿಸುವಾಗ ಮಾತ್ರ ಬೆವರಿಳಿಯಿತು.

"ನೆಗೆದು ಇಳಿಯುವಾಗ ಮಂಡಿ ಮಡಿಸಬೇಕು. ಸದ್ದು ಆಗಬಾರದು."

"ಯಾಕೆ?" ಎಂದ ಯಾಕೆ.

"ಕಾಲಿಗೆ ಪೆಟ್ಟಾಗಬಾರದು ಅಂತ."

"ಯಾಕೆ ಪೆಟ್ಟಾಗುತ್ತೆ?"

"ನೆಲ ಗಟ್ಟಿ ಇರುತ್ತಲ್ಲಪ್ಪ."

"ಯಾಕೆ ಗಟ್ಟಿ ಇರುತ್ತೆ?"

"ನಿನ್ನಂಥವರ ಭಾರ ಹೊರಬೇಕಲ್ಲ, ಅದಕ್ಕೆ. ನೆಗೀ!"

ಆರು ವಾರದಲ್ಲಿ ಮಕ್ಕಳು ಗೆರೆಯ ಮೇಲೆ ಓಡಿದವು, ಗೆರೆ ಕಂಡಲ್ಲಿ ನಿಂತವು, ಹೊಳೆ ದಾಟಿದವು, ಕೊಕ್ಕರೆಯಾದವು. ಅವನನ್ನು "ಸುಣ್ಣದ ಸರ್" ಎಂದು ಕರೆದವು. ಈ ಸರ್ ಎಂಬ ಎರಡಕ್ಷರ ಅವನ ತಲೆಗೆ ಎಷ್ಟು ಏರಿತೆಂದರೆ, ಮನೆಯಲ್ಲಿ ಹೆಂಡತಿ "ರೀ" ಎಂದು ಕರೆದಾಗ ತಿರುಗಿ ನೋಡುವುದಕ್ಕೆ ಒಂದು ಗಳಿಗೆ ತಡ ಮಾಡುತ್ತಿದ್ದ. ಅವನಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಗಂಡ ಹೆಂಡತಿ ಇಬ್ಬರೂ ಎಂದೋ ಎತ್ತಿಡುವುದನ್ನು ಕಲಿತಿದ್ದರು. ಈಗ ಊಟಕ್ಕೆ ಕೂತರೆ ಹದಿನೆಂಟು ಮಕ್ಕಳ ಸುದ್ದಿಯೇ. ಯಾವುದು ಹಲ್ಲು ಉದುರಿಸಿಕೊಂಡಿತು, ಯಾವುದು ಎಡಗಾಲಲ್ಲಿ ಮಾತ್ರ ಕುಪ್ಪಳಿಸುತ್ತದೆ ಎಂದು ಅವಳಿಗೂ ಬಾಯಿಪಾಠವಾಗಿತ್ತು.

ಒಂದು ಬೆಳಗ್ಗೆ ನರ್ಸಮ್ಮ ದುಮುದುಮು ಎನ್ನುತ್ತಾ ಬಂದಳು.

"ಏನು ಸರ್ ಮಾಡಿದೀರ ನನ್ನ ಮಗಳಿಗೆ? ಮನೇಲಿ ಒಂದು ಹೆಜ್ಜೆ ಇಡಬೇಕಾದ್ರೂ ಗೆರೆ ಕೇಳ್ತಾಳೆ! ಹಾಸಿಗೆಯಿಂದ ಬಚ್ಚಲಿಗೆ ಹೋಗೋಕೆ ಅವರಪ್ಪ ದಿನಾ ಪೌಡರ್ ಡಬ್ಬಿ ಹಿಡ್ಕೊಂಡು ಗೆರೆ ಎಳೀತಾರೆ. ನಿನ್ನೆ ನಮ್ಮ ಮಾವ ಅದರ ಮೇಲೆ ಜಾರಿ ಬಿದ್ದು, ಈಗ ಇಡೀ ಮನೆ ಘಮಘಮ ಅಂತಿದೆ, ಮಾವ ಮಾತ್ರ ಗೊಣಗ್ತಾ ಮಲಗಿದಾರೆ."

ವಿಚಾರಿಸಿದರೆ ಅವಳ ಮನೆಯದೊಂದೇ ಕತೆಯಲ್ಲ. ಇನ್ನೊಂದು ಮಗು ದೊಡ್ಡ ಅಂಗಡಿಯಲ್ಲಿ ನೆಲದ ಕಲ್ಲುಗಳ ಸಂದಿ ಹಿಡಿದು ನಡೆಯುತ್ತಾ ಹೋಗಿ ಸೋಪಿನ ಕಪಾಟಿನ ಮುಂದೆ ಗೆರೆ ಮುಗಿಯಿತೆಂದು ಅಲ್ಲೇ ನಿಂತುಬಿಟ್ಟಿತ್ತಂತೆ. ಯಾಕೆಯ ಅಜ್ಜಿ, "ನಮ್ಮವನು ಬಾಗಿಲಲ್ಲಿ ಒಂದು ಗೆರೆ ಎಳೀರಿ, ಆಗ ಶಾಲೆಗೆ ಹೋಗ್ತೀನಿ ಅಂತಾನೆ" ಎಂದರು. ಸುಣ್ಣದಣ್ಣ ಮುಖ ಗಂಭೀರ ಮಾಡಿಕೊಂಡು ಕೇಳಿದ. ಒಳಗೊಳಗೇ ಉಬ್ಬಿಹೋಗಿದ್ದ.

"ಇದು ಹೆಮ್ಮೆ ಪಡೋ ವಿಷಯಾನಾ?" ಎಂದಳು ಹೆಂಡತಿ, ರಾತ್ರಿ ಊಟಕ್ಕೆ ಕೂತಾಗ. "ಮಕ್ಕಳು ಮೈದಾನದ ಹೊರಗೂ ಬದುಕಬೇಕಲ್ರೀ. ಜೀವನ ಪೂರ್ತಿ ಗಾಡಿ ತಳ್ಕೊಂಡು ಅವುಗಳ ಮುಂದೆ ಹೋಗ್ತೀರಾ?"

"ಗೆರೆ ಇಲ್ಲದ ಆಟ ಯಾವುದಿದೆ ಹೇಳು ನೋಡೋಣ."

"ಆಟಕ್ಕೆ ಗೆರೆ ಸುತ್ತ ಇರುತ್ತೆ ಕಣ್ರೀ. ನೀವು ಕಾಲಡಿಗೇ ಹಾಕಿದೀರಿ."

ಸುಣ್ಣದಣ್ಣ ಕೈ ತೊಳೆಯಲು ಎದ್ದ. ಮಾತು ನಾಟಿತ್ತು. ಆದರೆ ಗೆರೆ ಅಳಿಸಿದರೆ ಗುಬ್ಬಚ್ಚಿ ಮತ್ತೆ ಆ ಕಂಬಕ್ಕೆ ಹೋಗಿ ಅಂಟಿಕೊಂಡರೆ ಏನು ಗತಿ ಎಂಬ ಭಯ ಅದಕ್ಕಿಂತ ಆಳಕ್ಕೆ ನಾಟಿತ್ತು.

ಆ ವಾರವೇ ಮ್ಯಾನೇಜರು ಇನ್ನೊಂದು ಸುದ್ದಿ ತಂದರು. ಬೆಳಗಿನ ನಡಿಗೆ ಸಂಘದ ಹಿರಿಯರು ಅರ್ಜಿ ಹಾಕಿದ್ದಾರೆ. ಏಳರಿಂದ ಎಂಟರ ಎಳೆಬಿಸಿಲು ಮೂಳೆಗೆ ಒಳ್ಳೆಯದು, ಮೆತ್ತನೆಯ ಹುಲ್ಲು ಮಂಡಿಗೆ ಒಳ್ಳೆಯದು, ಕೋಚ್ ಇಲ್ಲದ ಮಕ್ಕಳ ತಂಡವನ್ನು ಮುಚ್ಚಿ ಆ ಗಂಟೆಯನ್ನು ತಮಗೇ ಕೊಡಬೇಕು. ಶುಕ್ರವಾರ ಮೇಲಿನಿಂದ ಪರಿಶೀಲನೆಗೆ ಒಬ್ಬ ಅಧಿಕಾರಿ ಬರುತ್ತಾರೆ. ಮಕ್ಕಳು ನಿಜವಾಗಿ ಏನಾದರೂ ಕಲಿತಿದ್ದರೆ ತಂಡ ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರದಿಂದ ಹುಲ್ಲು ಹಿರಿಯರದು.

ಸೋಮವಾರದಿಂದ ಸುಣ್ಣದ ಸರ್ ಮತ್ತೆ ಬರೀ ಸುಣ್ಣದಣ್ಣ. ಅದನ್ನಾದರೂ ಸಹಿಸಬಹುದು. ಆದರೆ ನರ್ಸಮ್ಮ ಗುಬ್ಬಚ್ಚಿಯ ಕೈ ಹಿಡಿದು "ಹೇಳಿದ್ನಲ್ಲ, ಇವಳಿಗೆ ಆಗಿಬರೋದಿಲ್ಲ" ಎಂದು ಕರೆದುಕೊಂಡು ಹೋಗುವುದನ್ನು ಅವನು ಸಹಿಸಲಾರ.

ಗುರುವಾರ ಸಂಜೆ ಕೋಣೆಯಲ್ಲಿದ್ದ ಸುಣ್ಣವನ್ನೆಲ್ಲ ಹೊರಗೆ ತಂದ. ಒಂದು ಚಿಟಿಕೆ ಉಳಿಸಲಿಲ್ಲ. ಮೈದಾನದ ತುಂಬ ಎಳೆದ. ಸುಳಿ ಸುತ್ತಿದ ಹಾದಿ, ಮೂರು ಹೊಳೆ, ನಲವತ್ತು ಉಂಗುರ, ಆರು ಕೊಕ್ಕರೆ ಚೌಕ, ಗೇಟಿನ ಕಂಬದಿಂದ ಶುರುವಾಗಿ ಎಲ್ಲವನ್ನೂ ಹೊಕ್ಕು ಹೊರಡುವ ಒಂದು ಉದ್ದದ ಗೆರೆ. ಗ್ಯಾಲರಿಯ ಮೇಲಿನ ಮೆಟ್ಟಿಲಿನಿಂದ ನೋಡಿ ತಾನೇ ಮೂಗಿನ ಮೇಲೆ ಬೆರಳಿಟ್ಟುಕೊಂಡ.

ಶುಕ್ರವಾರ ಬೆಳಗ್ಗೆ ಎಂದಿನಂತೆ ಐದೂವರೆಗೆ ಹೋಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಹೆಂಡತಿ ಬಿಡಲಿಲ್ಲ. ಅಧಿಕಾರಿ ಬರುವ ದಿನ ಸುಣ್ಣ ಮೆತ್ತಿದ ಅಂಗಿಯಲ್ಲಿ ಹೋಗಲು ಅವಳು ಬಿಡುವುದುಂಟೇ? ಇದ್ದ ಒಳ್ಳೆಯ ಅಂಗಿಯನ್ನು ಇಸ್ತ್ರಿ ಮಾಡಿದಳು. ಹಾಕಿ ನೋಡಿದರೆ ಹೊಟ್ಟೆಯ ಬಳಿ ಗುಂಡಿ ಸೇರಲಿಲ್ಲ. ಬಿಚ್ಚಿಸಿ, ಹೊಲಿಗೆ ಬಿಚ್ಚಿ, ಅಗಲಿಸಿ, ಮತ್ತೆ ಇಸ್ತ್ರಿ ಮಾಡುವಷ್ಟರಲ್ಲಿ ಏಳಕ್ಕೆ ಹದಿನೈದು ನಿಮಿಷ ಇತ್ತು.

ಗೇಟು ದಾಟಿದವನು ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟ.

ನಡಿಗೆ ಸಂಘದ ಮೂವತ್ತು ಹಿರಿಯರು ಎಂದಿನಂತೆ ಅಂಚಿನ ಹಾದಿಯಲ್ಲಿ ಸುತ್ತು ಹಾಕುತ್ತಿರಲಿಲ್ಲ. ಸುಳಿಯ ಹಾದಿಯಲ್ಲಿ ಒಬ್ಬರ ಹಿಂದೊಬ್ಬರು ಗಿರಗಿರ ಸುತ್ತುತ್ತಿದ್ದರು. ಕನ್ನಡಕದ ಅಜ್ಜಿಯೊಬ್ಬರು ಉಂಗುರದಿಂದ ಉಂಗುರಕ್ಕೆ ಕುಪ್ಪಳಿಸುತ್ತಾ, ಪ್ರತಿ ಸಲವೂ "ಅಯ್ಯಮ್ಮಾ" ಎನ್ನುತ್ತಾ, ನಿಲ್ಲಿಸುವ ಲಕ್ಷಣವೇ ಇಲ್ಲದೆ ಹೋಗುತ್ತಿದ್ದರು. ಸಂಘದ ಅಧ್ಯಕ್ಷರು, ಅರ್ಜಿಗೆ ಮೊದಲ ಸಹಿ ಹಾಕಿದವರು, ಕೊಕ್ಕರೆ ಚೌಕದಲ್ಲಿ ಒಂಟಿಕಾಲಲ್ಲಿ ನಿಂತಿದ್ದರು. ಕಾರ್ಯದರ್ಶಿ ಎಣಿಸುತ್ತಿದ್ದರು.

"ಹನ್ನೊಂದು, ಹನ್ನೆರಡು... ಕಾಲು ಇಟ್ರಿ! ಔಟ್!"

"ಇಟ್ಟಿಲ್ಲ ಕಣ್ರೀ, ಗಾಳಿ ಬಂತು!"

"ಗಾಳಿ ನನಗೂ ಬಂದಿತ್ತು. ಈಗ ನನ್ನ ಸರದಿ, ಈಚೆ ಬನ್ನಿ."

ಅರುವತ್ತು ಕಾಲುಗಳು ಮುಕ್ಕಾಲು ಗಂಟೆ ಆಡಿದ ಮೇಲೆ ಗೆರೆ ಎಲ್ಲಿ ಉಳಿಯುತ್ತದೆ? ಹೊಳೆಗಳು ಬತ್ತಿದ್ದವು, ಉಂಗುರಗಳು ಹುಲ್ಲಿನ ಮೇಲೆ ಬಿಳಿ ಮಂಜಿನಂತೆ ಹರಡಿದ್ದವು. ಗೇಟಿನಿಂದ ಹೊರಟ ಉದ್ದದ ಗೆರೆ ಇದ್ದದ್ದೇ ಸುಳ್ಳು ಎಂಬಂತೆ ಮಾಯವಾಗಿತ್ತು. ಸುಣ್ಣವೆಲ್ಲ ಹಿರಿಯರ ಬೂಟಿನಲ್ಲಿ, ಪ್ಯಾಂಟಿನ ಅಂಚಿನಲ್ಲಿ, ಅಧ್ಯಕ್ಷರ ಮೀಸೆಯಲ್ಲೂ ಇತ್ತು.

"ಏನ್ ಸ್ವಾಮೀ ಇದು!" ಎಂದು ಸುಣ್ಣದಣ್ಣ ಕೂಗಿದ. ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು ಆ ಕೂಗಿನಲ್ಲಿ.

ಅಧ್ಯಕ್ಷರು ಏದುಸಿರು ಬಿಡುತ್ತಾ ಹತ್ತಿರ ಬಂದರು. "ಸುಣ್ಣದಣ್ಣಾ, ಇಷ್ಟು ವರ್ಷ ನಾವು ಸುಮ್ನೆ ಸುತ್ತು ಹಾಕ್ತಾ ಇದ್ವಲ್ಲ, ಇದನ್ನ ನಮಗೆ ಯಾಕೆ ಮೊದಲೇ ಹಾಕಿಕೊಡಲಿಲ್ಲ?" ಎಂದು ನಿಜವಾಗಿಯೂ ನೊಂದು ಕೇಳಿದರು.

ಅಷ್ಟರಲ್ಲೇ ಮಕ್ಕಳು ಬಂದಿದ್ದರು. ಅವರ ಹಿಂದೆಯೇ ಕೈಯಲ್ಲಿ ಫೈಲು ಹಿಡಿದ ಅಧಿಕಾರಿ ಮೇಡಂ, ಅವರ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಮ್ಯಾನೇಜರು. ಹದಿನೆಂಟು ಮಕ್ಕಳು ಗೇಟಿನ ಒಳಗೆ ಸಾಲಾಗಿ ನಿಂತು ನೆಲ ನೋಡಿದರು. ಯಾರೂ ಅಲುಗಲಿಲ್ಲ. ಗುಬ್ಬಚ್ಚಿ ಮೆಲ್ಲಗೆ ಹಿಂದೆ ಸರಿದು ಕಂಬ ಹಿಡಿಯಿತು.

"ಸರ್, ಗೆರೆ ಎಲ್ಲಿ?" ಎಂದ ಯಾಕೆ.

"ಶುರು ಮಾಡಿ," ಎಂದರು ಅಧಿಕಾರಿ ಮೇಡಂ.

ಸುಣ್ಣದಣ್ಣನ ತಲೆ ಖಾಲಿಯಾಯಿತು. ತಲೆ ಖಾಲಿಯಾದಾಗ ಕೈಕಾಲು ಹಳೆಯ ಅಭ್ಯಾಸ ಹಿಡಿಯುತ್ತವೆ. ಅವನು ಹೋಗಿ ಗಾಡಿ ಎಳೆತಂದ. ಡಬ್ಬದಲ್ಲಿ ಸುಣ್ಣ ಇಲ್ಲವೆಂದು ಅವನಿಗೆ ಗೊತ್ತು. ಆದರೂ ಗೇಟಿನಿಂದ ನಡುಮೈದಾನದ ಕಡೆಗೆ ದೂಡತೊಡಗಿದ. ಮಕ್ಕಳು ಬಗ್ಗಿ ನೋಡುತ್ತಾ ಎರಡು ಹೆಜ್ಜೆ ಬಂದವು.

"ಸರ್, ಗೆರೆ ಬೀಳ್ತಾನೇ ಇಲ್ಲ. ಯಾಕೆ?"

"ಬೀಳುತ್ತೆ, ಮುಂದೆ ಬೀಳುತ್ತೆ, ಬನ್ನಿ!" ಎಂದು ಸುಣ್ಣದಣ್ಣ ಬಾಯಿಗೆ ಬಂದ ಸುಳ್ಳು ಹೇಳಿ ಹೆಜ್ಜೆ ಚುರುಕು ಮಾಡಿದ. ಮಕ್ಕಳೂ ಚುರುಕಾದವು. ಎಲ್ಲಿ ಗಾಡಿ ಹಿಡಿದು ಖಾಲಿ ಡಬ್ಬ ನೋಡಿಬಿಡುತ್ತವೋ ಎಂದು ಅವನು ಓಡಿದ. ಮಕ್ಕಳೂ ಓಡಿದವು. ಐವತ್ತೈದು ವರ್ಷದ ಮನುಷ್ಯ, ಹೊಸದಾಗಿ ಅಗಲಿಸಿದ ಅಂಗಿ, ಗಡಗಡ ಎನ್ನುವ ಖಾಲಿ ಡಬ್ಬ, ಹಿಂದೆ ಕಿರುಚುತ್ತಾ ಹದಿನೇಳು ಮಕ್ಕಳು. ನಡುವೆ ಎಲ್ಲೋ ಹುಲ್ಲಿನೊಳಗೆ ಒಂದು ಗುಂಡಿ ಇತ್ತು. ಗಾಡಿ ನಿಂತಿತು, ಸುಣ್ಣದಣ್ಣ ನಿಲ್ಲಲಿಲ್ಲ. ಗಾಡಿಯ ಮೇಲಿಂದ ಹಾರಿ ಆಚೆ ಕಡೆ ಹೊರಳಿ ಅಡ್ಡಡ್ಡ ಬಿದ್ದ. ಸೊಂಟ ಕಟಕ್ ಎಂದಿತು.

ಹಿಂದೆ ಬರುತ್ತಿದ್ದ ಯಾಕೆಗೆ ಯಾಕೆ ಎಂದು ಕೇಳಲು ಪುರುಸೊತ್ತಿರಲಿಲ್ಲ. ಎದುರಿಗೆ ಸರ್ ಅವರ ಕಾಲುಗಳು ಅಡ್ಡ ಮಲಗಿದ್ದವು. ನೆಗೆದ. ಎರಡೂ ಕಾಲು ಜೋಡಿಸಿ, ಮಂಡಿ ಮಡಿಸಿ, ಸದ್ದಿಲ್ಲದೆ ಇಳಿದ. ಅವನ ಹಿಂದಿನವಳು ನೆಗೆದಳು, ಅವಳ ಹಿಂದಿನವನು ನೆಗೆದ. ಹದಿನೇಳು ಜೊತೆ ಪುಟ್ಟ ಕಾಲುಗಳು ತನ್ನ ಮೇಲಿಂದ ಹಾರಿ ಹೋಗುವುದನ್ನು ಸುಣ್ಣದಣ್ಣ ಕಣ್ಣು ಮುಚ್ಚಿಕೊಂಡು ಎಣಿಸಿದ. ಒಂದೂ ತಾಗಲಿಲ್ಲ. ಕಣ್ಣು ಬಿಟ್ಟಾಗ ಮಕ್ಕಳು ಗೆರೆ ಗಿರೆ ಮರೆತು ಬರಿಯ ಹುಲ್ಲಿನ ಮೇಲೆ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುತ್ತಿದ್ದರು. ಓಡಿ, ಗಕ್ಕನೆ ನಿಂತು, ತಿರುಗಿ, ತಪ್ಪಿಸಿಕೊಂಡು, ಮತ್ತೆ ಓಡುತ್ತಿದ್ದರು. ಯಾರಿಗೂ ಯಾರೂ ಡಿಕ್ಕಿ ಹೊಡೆಯುತ್ತಿರಲಿಲ್ಲ.

ಅವನ ಕಣ್ಣು ಅಲ್ಲಿ ನಿಲ್ಲಲಿಲ್ಲ. ಏಳಲಾಗದೆ ಮಲಗಿದ್ದಲ್ಲಿಂದಲೇ ಕತ್ತು ತಿರುಗಿಸಿ ಗೇಟಿನ ಕಡೆ ನೋಡುತ್ತಿದ್ದ. ಕಂಬದ ಬಳಿ ಗುಬ್ಬಚ್ಚಿ ಒಂದೇ ಉಳಿದಿತ್ತು. ನಡುವೆ ನೂರಿಪ್ಪತ್ತು ಅಡಿ ಬರಿಯ ಹುಲ್ಲು, ಅಳತೆಯ ಮನುಷ್ಯನಿಗೆ ಹೇಳಿಕೊಡಬೇಕೇ. ಅಧಿಕಾರಿ ಮೇಡಂ ಕೂಡ ಆ ಮಗುವನ್ನೇ ನೋಡುತ್ತಾ ಪೆನ್ನು ತೆರೆದಿದ್ದರು.

ಗುಬ್ಬಚ್ಚಿ ಸುಣ್ಣದಣ್ಣನನ್ನು ನೋಡಿತು. ಸರ್ ಬಿದ್ದಿದ್ದಾರೆ, ಏಳುತ್ತಿಲ್ಲ. ಕಂಬ ಬಿಟ್ಟಿತು. ಒಂದು ಹೆಜ್ಜೆ ಇಟ್ಟು ನೆಲ ನೋಡಿತು, ಏನೂ ಇರಲಿಲ್ಲ. ಮತ್ತೆ ಅವನನ್ನು ನೋಡಿತು. ಆಮೇಲೆ ನೆಲ ನೋಡಲೇ ಇಲ್ಲ. ಕಡ್ಡಿಕಾಲು ಎತ್ತಿ ಹಾಕುತ್ತಾ, ಕೈ ಬೀಸುತ್ತಾ, ನೇರ ಓಡಿಬಂತು. ಇಪ್ಪತ್ತೆಂಟು ವರ್ಷ ಹುರಿ ಕಟ್ಟಿ ಎಳೆದವನೂ ಅಷ್ಟು ನೇರವಾಗಿ ಎಳೆದಿರಲಾರ. ಹತ್ತಿರ ಬಂದು ಮಂಡಿಯೂರಿ ಕೂತು ಸಿಟ್ಟಿನಿಂದ ಹೇಳಿತು:

"ಸರ್, ನೀವು ತಪ್ಪು ಬಿದ್ರಿ. ಮಂಡಿ ಮಡಿಸಲೇ ಇಲ್ಲ."

"ಹೌದು ಪುಟ್ಟಾ. ತಪ್ಪಾಯ್ತು," ಎಂದ ಸುಣ್ಣದಣ್ಣ.

ಅಧಿಕಾರಿ ಮೇಡಂ ಫೈಲಿನಲ್ಲಿ ಬಹಳ ಹೊತ್ತು ಬರೆದರು. ತಂಡ ಮುಂದುವರಿಯಲಿ ಎಂದರು. ಕೋಚ್ ಬರುವವರೆಗೆ ಇವರೇ ಇರಲಿ ಎಂದರು. ಗೆರೆ ಮಾತ್ರ ವಾರಕ್ಕೆ ಎರಡು ದಿನ ಸಾಕು, ಮಿಕ್ಕ ದಿನ ಮಕ್ಕಳನ್ನು ಹೀಗೇ ಬಿಡಿ ಎಂದರು. ಹಿರಿಯರ ಅರ್ಜಿಯ ಬಗ್ಗೆ ಕೇಳಿದಾಗ ಅಧ್ಯಕ್ಷರು ಮೀಸೆ ಒರೆಸಿಕೊಂಡು, ಅದನ್ನು ವಾಪಸು ಪಡೆಯುತ್ತೇವೆ, ಆದರೆ ಉಳಿದ ಐದು ದಿನದ ಸುಣ್ಣವನ್ನು ಆರು ಗಂಟೆಗೆ ತಮಗೆ ಹಾಕಿಕೊಟ್ಟರೆ ಒಳ್ಳೆಯದು, ಕಾರ್ಯದರ್ಶಿಯನ್ನು ಒಂದು ಸಲ ಸೋಲಿಸುವುದು ಬಾಕಿ ಇದೆ ಎಂದರು.

ಇಬ್ಬರು ಹಿರಿಯರು, ಮ್ಯಾನೇಜರು ಸೇರಿ ಸುಣ್ಣದಣ್ಣನನ್ನು ಮನೆಗೆ ತಂದು ಮಲಗಿಸಿದರು. ಹೆಂಡತಿ ಬೋರಲು ಮಲಗಿಸಿ ಸೊಂಟಕ್ಕೆ ಮುಲಾಮು ತಿಕ್ಕಿದಳು. ಹರಿದ ಅಂಗಿಗೆ ಬೈದಳು, ಮೈದಾನದ ಗುಂಡಿಗೆ ಬೈದಳು, ವಯಸ್ಸಿಗೆ ತಕ್ಕ ಬುದ್ಧಿ ಇಲ್ಲವೆಂದು ಬೈದಳು. ದಿಂಬು ಒದ್ದೆಯಾಗಿರುವುದು ಕಂಡಾಗ ಅವಳ ಕೈ ನಿಂತಿತು.

"ತಂಡ ಉಳೀತಲ್ರೀ. ಇನ್ಯಾಕೆ ಅಳು? ಅಷ್ಟು ನೋವಾ?"

"ನೋವಲ್ಲ ಕಣೇ," ಎಂದ ಸುಣ್ಣದಣ್ಣ ದಿಂಬಿನೊಳಗಿಂದ. "ಗೆರೆ ಇರಲಿಲ್ಲ. ಆದ್ರೂ ಆ ಮಗು ಬಂತು. ನನ್ನ ಹತ್ರಕ್ಕೇ ಓಡಿ ಬಂತು."